ಮುದ್ದೆ ಲಾವಾ, ಅಂಬಲಿ ಲಾವಾ

ಮಕ್ಕಳೇ, ಒಂದು ಜ್ವಾಲಾಮುಖಿ ಬೆಟ್ಟದ ಬುಡದಲ್ಲಿ ಕಾಡಿತ್ತು. ಕಾಡಿನ ಇಳಿಜಾರಿನಲ್ಲೊಂದು ಅತ್ತಿಮರ, ಅದರ ಕೆಳಗಿನ ತಗ್ಗಿನಲ್ಲೊಂದು ಕೊಳ. ಅದರ ದಡದ ಬಿಲದಲ್ಲಿ ಗರಿಯಣ್ಣನೆಂಬ ಮುಳ್ಳುಹಂದಿ ಹೆಂಡತಿ ಮಕ್ಕಳೊಂದಿಗೆ ವಾಸವಾಗಿದ್ದ.

ಗರಿಯಣ್ಣನಿಗೆ ಕಾಡಿನಲ್ಲಿ ಭಾರೀ ಮರ್ಯಾದೆ. ಹಿಂದೊಮ್ಮೆ ಬೆಟ್ಟ ಲಾವಾ ಉಗುಳಿದಾಗ ಎಲ್ಲರೂ ಗಂಟುಮೂಟೆ ಕಟ್ಟಿದ್ದರು. "ಅದು ಅತ್ತಿಮರ ದಾಟೋದಿಲ್ಲ, ಸುಮ್ಮನಿರಿ" ಅಂದಿದ್ದ ಅವನು. ಆ ಲಾವಾ ಗಟ್ಟಿಯಾಗಿತ್ತು. ಕಷ್ಟಪಟ್ಟು ತೆವಳಿ, ಅತ್ತಿಮರದ ಮೇಲುಗಡೆಯೇ ನಿಂತುಬಿಟ್ಟಿತು. ಅಂದಿನಿಂದ ಗರಿಯಣ್ಣನನ್ನು ಹಿಡಿಯುವವರೇ ಇಲ್ಲ!

ಒಂದು ಬೆಳಗ್ಗೆ ಬೆಟ್ಟ ಮತ್ತೆ ಗುಡುಗಿತು. ಪಕ್ಕದ ಬಿಲದ ಚಿಪ್ಪುಹಂದಿ ಚಿಪ್ಪಮ್ಮ ಏದುಸಿರು ಬಿಡುತ್ತಾ ಬಂದಳು.

"ಗರಿಯಣ್ಣ, ಹೊರಡೋಣ. ಹೋದ ಸಲ ಬಂದದ್ದು ಮುದ್ದೆ, ಬಿದ್ದಲ್ಲೇ ಕೂತಿತು. ಈ ಸಲದ್ದು ಅಂಬಲಿ! ತೆಳ್ಳಗೆ ಹರೀತಿದೆ, ಎಲ್ಲಿವರೆಗೆ ಬರುತ್ತೋ!"

"ಮುದ್ದೆಯೋ ಅಂಬಲಿಯೋ, ಅತ್ತಿಮರ ದಾಟೋದಿಲ್ಲ ಅಂದ್ರೆ ದಾಟೋದಿಲ್ಲ. ನನಗಿಂತ ನಿನಗೆ ಜಾಸ್ತಿ ಗೊತ್ತೋ?"

ಮಧ್ಯಾಹ್ನದ ಹೊತ್ತಿಗೆ ಲಾವಾ ಅತ್ತಿಮರದ ಹತ್ತಿರ ಕಪ್ಪಗಾಗಿ ನಿಂತಿತು. "ನೋಡಿದ್ರಾ?" ಎಂದು ಮುಳ್ಳು ನಿಮಿರಿಸಿ, ಗರಿಯಣ್ಣ ಅದನ್ನು ಹತ್ತಿರದಿಂದ ನೋಡಲು ಒಬ್ಬನೇ ಹೊರಟ. ಉಳಿದವರು ಕೊಳದ ಬಳಿ ನಿಶ್ಚಿಂತೆಯಿಂದ ಮೈಚಾಚಿದರು.

ಹೋಗಿ ನೋಡಿದರೆ, ಕಪ್ಪಗೆ ಆರಿದ್ದು ಮೇಲಿನ ಪದರ ಮಾತ್ರ! ಅದೇ ಹೊದಿಕೆಯಾಗಿ, ಒಳಗಿನ ಬಿಸಿ ಒಂದಿಷ್ಟೂ ಇಳಿದಿರಲಿಲ್ಲ. ಬಿರುಕಿನಲ್ಲಿ ಕೆಂಪು ಹೊಳೆ ಸರಸರ ಹರಿಯುವುದು ಕಾಣುತ್ತಿತ್ತು. ತುದಿ ಉಬ್ಬಿ ಉಬ್ಬಿ, ಇನ್ನೇನು ಒಡೆಯುವುದರಲ್ಲಿತ್ತು. ಕೆಳಗಡೆ ಕೊಳ!

'ತಪ್ಪಾಯಿತು ಅಂದರೆ ನನ್ನ ಮಾನ ಹೋಗುತ್ತದಲ್ಲ' ಅನ್ನಿಸಿತು ಗರಿಯಣ್ಣನಿಗೆ. ಮರುಕ್ಷಣವೇ ಬಿಲದಲ್ಲಿದ್ದ ಮರಿಗಳು ನೆನಪಾದವು. ಮಾನ ಹಾಳಾಗಿ ಹೋಗಲಿ! ಎದ್ದೆನೋ ಬಿದ್ದೆನೋ ಎಂದು ಓಡಿದ.

"ನಾನು ಹೇಳಿದ್ದು ತಪ್ಪು! ಏಳಿ, ಎಲ್ಲರೂ ಎದುರಿನ ಗುಡ್ಡ ಹತ್ತಿ!"

ಯಾರೂ ನಗಲಿಲ್ಲ, ನಗಲು ಪುರಸೊತ್ತೆಲ್ಲಿ? ಚಿಪ್ಪಮ್ಮ ಅವನ ಮರಿಯೊಂದನ್ನು ಬೆನ್ನಿಗೇರಿಸಿಕೊಂಡಳು. ಮುಳ್ಳಿಗೆ ಹೆದರಲು ಅವಳಿಗೇನು, ಮೈತುಂಬ ಚಿಪ್ಪು!

ಅವರು ಗುಡ್ಡದ ನೆತ್ತಿ ತಲುಪುವಷ್ಟರಲ್ಲಿ ಲಾವಾ ಅತ್ತಿಮರ ದಾಟಿ ಬಂದು ಕೊಳಕ್ಕೆ ಧುಮುಕಿತು. ಬುಸ್ಸೆಂದು ಹಬೆ ಎದ್ದಿತು. ಬಿಲಗಳೆಲ್ಲ ಹೋದವು. ಆದರೆ ಒಂದು ಜೀವವೂ ಹೋಗಲಿಲ್ಲ.

"ಗರಿಯಣ್ಣ, ಅದು ಇನ್ನೆಷ್ಟು ದೂರ ಹೋಗುತ್ತೆ?" ಜಿಂಕೆಮರಿ ಕೇಳಿತು.

"ನನಗೆ ಗೊತ್ತಿಲ್ಲ ಮಗು."

"ನನಗೂ ಗೊತ್ತಿಲ್ಲ" ಎಂದಳು ಚಿಪ್ಪಮ್ಮ. "ಗುಡ್ಡದಾಚೆ ಹೊಳೆಯಿದೆ. ನಡೀರಿ, ಅಲ್ಲಿ ಹೊಸ ಬಿಲ ತೋಡೋಣ."

ಎಲ್ಲರೂ ಹೊರಟರು. ಯಾರಾದರೂ ಹಿಂದುಳಿದರೇನೋ ಎಂದು ನೋಡಿಕೊಳ್ಳುತ್ತಾ ಗರಿಯಣ್ಣ ಕೊನೆಯಲ್ಲಿ ನಡೆದ.

ನೀತಿ: ಒಮ್ಮೆ ನಿಜವಾದ ಮಾತು ಪ್ರತಿ ಸಲವೂ ನಿಜವಾಗಬೇಕೆಂದಿಲ್ಲ, ತಪ್ಪು ತಿಳಿದ ಕೂಡಲೇ ಒಪ್ಪಿಕೊಂಡವನು ತಾನೂ ಉಳಿಯುತ್ತಾನೆ, ಇತರರನ್ನೂ ಉಳಿಸುತ್ತಾನೆ.