ಡಬ್ಬಿಗೆ ಎತ್ತಿಟ್ಟ ಮಾತ್ರೆ

ಹೊಸ ಲಿವರ್‌ಗಾಗಿ ಕಾಯುತ್ತಿದ್ದ ಕೆಂಪಾಜಮ್ಮನಿಗೆ ಆಸ್ಪತ್ರೆಯಲ್ಲಿ ಜ್ವರ ಹಿಡಿಯಿತು. ಡಾಕ್ಟರು ಕೊಟ್ಟ ಮಾತ್ರೆ ಆಕೆಯ ರಕ್ತಕ್ಕಿಳಿದು, ಅಲ್ಲಿದ್ದ ರೋಗಾಣುವನ್ನು ಅಡ್ಡಗಟ್ಟಿತು.

"ಹೊರಡು ಇಲ್ಲಿಂದ! ಈಕೆಗೆ ಯಾವ ಗಳಿಗೆಯಲ್ಲಾದರೂ ಲಿವರ್ ಸಿಗಬಹುದು. ನೀನಿದ್ದರೆ ಡಾಕ್ಟರು ಆಪರೇಷನ್ನಿಗೆ ಕೈ ಹಾಕುವುದಿಲ್ಲ."

ರೋಗಾಣು ಅಲುಗಲಿಲ್ಲ. "ನಿನ್ನ ಪೆಟ್ಟು ನಮಗೆ ಹಳೆಯದು. ಜ್ವರ ಬಿಟ್ಟ ಕೂಡಲೇ ಈಕೆ ಮಾತ್ರೆ ನಿಲ್ಲಿಸಿ, ಮಿಕ್ಕಿದ್ದನ್ನು ಡಬ್ಬಿಗೆ ಎತ್ತಿಡುತ್ತಿದ್ದಳು. ನಿಮ್ಮವರು ನಮ್ಮಲ್ಲಿ ಕೈಲಾಗದವರನ್ನಷ್ಟೇ ಕೊಂದು, ಪ್ರತಿ ಸಲವೂ ಅರ್ಧಕ್ಕೇ ಹೋದರು. ಗಟ್ಟಿಯಾಗಿ ಉಳಿದುಕೊಂಡವರ ಕುಡಿ ನಾನು."

"ಮೂರ್ಖ, ಈಕೆ ಸತ್ತರೆ ನೀನೂ ಸಾಯುತ್ತೀಯೆ!"

ಅಷ್ಟರಲ್ಲಿ ಹೊರಗಿನಿಂದ ಡಾಕ್ಟರ ದನಿ ಕೇಳಿಸಿತು. "ಲಿವರ್ ಏನೋ ಸಿಕ್ಕಿದೆ ಅಮ್ಮ. ಆದ್ರೆ ನಿಮ್ಮ ಸೋಂಕು ಇಳಿದಿಲ್ಲ. ಈಗ ಹಾಕಿದ್ರೆ ನೀವು ಉಳಿಯಲ್ಲ. ಇದನ್ನ ಬೇರೆಯವರಿಗೆ ಕೊಡಬೇಕಾಗುತ್ತೆ. ಈ ಮಾತ್ರೆ ಕೆಲಸ ಮಾಡ್ತಿಲ್ಲ, ನಿಲ್ಲಿಸಿ. ಬೇರೆ ಔಷಧಿ ನೋಡೋಣ."

ಕೆಂಪಾಜಮ್ಮನ ಎದೆ ಡವಗುಟ್ಟುವುದು ಒಳಗಿದ್ದ ಇಬ್ಬರಿಗೂ ಕೇಳಿಸುತ್ತಿತ್ತು. ರೋಗಾಣುವಿಗೂ ದಿಗಿಲಾಯಿತು. "ಈ ಮನೆ ಬಿದ್ದರೆ ನಾನೆಲ್ಲಿಗೆ ಹೋಗಲಿ?"

ಕೊನೆಗೆ ಕೆಂಪಾಜಮ್ಮ ಕಣ್ಣೊರೆಸಿಕೊಂಡು ಸೊಸೆಯನ್ನು ಕರೆದಳು. "ಮಿಕ್ಕಿರೋ ಮಾತ್ರೆ ಬಿಸಾಕಬೇಡ ಕಣವ್ವ. ಮನೇಲಿ ಡಬ್ಬಿಗೆ ಹಾಕಿಡು. ಮಗೂಗೆ ಜ್ವರ ಬಂದ್ರೆ ಅರ್ಧ ಮುರಿದು ಕೊಡಬಹುದು."

ರೋಗಾಣುವಿನ ದಿಗಿಲು ಇಳಿಯಿತು.

"ಇನ್ನು ನಾನು ಸತ್ತರೂ ಚಿಂತೆಯಿಲ್ಲ," ಎಂದಿತು. "ಮಗುವಿನ ಹೊಟ್ಟೆಯಲ್ಲೂ ನಮ್ಮವರಿದ್ದಾರೆ."