ದೇವರ ಎಮ್ಮೆ

ಎಮ್ಮೆಗೇನು ಗೊತ್ತು ರೈಲಿನ ಟೈಮು? ಹಳಿ ಮೇಲೆ ಆರಾಮಾಗಿ ಮೆಲುಕು ಹಾಕುತ್ತ ಮಲಗಿಬಿಟ್ಟಿತು. ಅದನ್ನು ಎಬ್ಬಿಸಿ ಬೆಳಗಿನ ರೈಲು ಸ್ಟೇಷನ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ರೈಲು ತಡವಾದರೆ ರೈಲ್ವೆ ಕಂಪನಿ ಟಿಕೆಟ್ ದುಡ್ಡು ವಾಪಸ್ ಕೊಡಬೇಕೆಂಬುದು ನಿಯಮ. ದೇವರಿಂದ ಬಂದ ಅಡ್ಡಿಗೆ ಮಾತ್ರ ವಿನಾಯಿತಿ. ಸ್ಟೇಷನ್ನಿನಲ್ಲಿ ಪ್ರಯಾಣಿಕರು ಕಂಪನಿ ಸಾಹೇಬರನ್ನು ಮುತ್ತಿದರು.

ಸಾಹೇಬರು ಕುರ್ಚಿ ಹತ್ತಿ ಕೂಗಿದರು: "ಎಮ್ಮೆ ಬಂದದ್ದು ದೇವರ ಇಚ್ಛೆ. ಒಂದು ಪೈಸೆಯೂ ಇಲ್ಲ!"

ಇಳಿದವರೇ, ಕಂಬಕ್ಕೆ ಕಟ್ಟಿಸಿದ್ದ ಎಮ್ಮೆಯ ಹತ್ತಿರ ಹೋಗಿ, ಅದರ ಒಡತಿ ಫಕ್ಕೀರವ್ವನ ಮೇಲೆ ಹರಿಹಾಯ್ದರು: "ನಿನ್ನ ಎಮ್ಮೆಯಿಂದ ರೈಲು ನಿಂತಿತು. ದಂಡ ಕಟ್ಟು, ಇಲ್ಲಾಂದ್ರೆ ಎಮ್ಮೆ ಬಿಡಲ್ಲ."

ಫಕ್ಕೀರವ್ವ ಸೆರಗು ಸೊಂಟಕ್ಕೆ ಸಿಗಿಸಿ, ಎಲ್ಲರಿಗೂ ಕೇಳುವಂತೆ ಅಂದಳು: "ಎಮ್ಮಿ ನಂದಾದ್ರ ಮೊದಲ ಈ ಮಂದಿಗೆ ರೊಕ್ಕ ಕೊಡ್ರಿ, ಆಮ್ಯಾಲ ನಾ ದಂಡ ಕೊಡ್ತೀನಿ. ದೇವರದಾದ್ರ ದಂಡಾನೂ ದೇವರನ್ನ ಕೇಳ್ರಿ. ಯಾರದು ಹೇಳ್ರಿ ಸಾಹೇಬ್ರ?"

"ಹೌದಲ್ರೀ, ಯಾರದು?" ಎಂದು ಮಂದಿಯೆಲ್ಲ ಹತ್ತಿರ ಬಂದರು.

ಸಾಹೇಬರು ಮಂದಿಯನ್ನು ನೋಡಿದರು, ಎಮ್ಮೆಯನ್ನು ನೋಡಿದರು. "ದೇವರದೇ" ಎಂದು ಗೊಣಗಿ, ತಾವೇ ಬಗ್ಗಿ ಹಗ್ಗ ಬಿಚ್ಚಿದರು. ಎಮ್ಮೆ ತಿರುಗಿ ನಿಂತು ಬಾಲ ಎತ್ತಿತು. ಸಾಹೇಬರ ಹೊಸ ಬೂಟು ಸೆಗಣಿಯಲ್ಲಿ ಮುಳುಗಿತು.

"ನನ್ನ ಬೂಟಿಗೆ ಯಾರು ಪರಿಹಾರ ಕೊಡೋರು?"

"ದೇವರ ಇಚ್ಛಾರೀ," ಅಂದಳು ಫಕ್ಕೀರವ್ವ. "ಒಂದ್ ಪೈಸಾನೂ ಇಲ್ಲ."