ಏಳು ಬೋರ್ಡು, ಒಂದು ಕಡ್ಡಿಪೆಟ್ಟಿಗೆ

ಹೊಳೆ ದಂಡೆಯಲ್ಲೊಂದು ಆಶ್ರಮ. ಅಲ್ಲಿದ್ದ ಗುರುಗಳನ್ನ ಸುತ್ತಲಿನ ಜನ ‘ಬುದ್ಧಿ’ ಅಂತಲೇ ಕರೀತಿದ್ದರು. ಶಿಷ್ಯ ಒಬ್ಬನೇ, ರಾಚಪ್ಪ. ವಯಸ್ಸು ನಲವತ್ತು ದಾಟಿತ್ತು. ಶಿಷ್ಯನಾಗೋಕೆ ಅದು ಸ್ವಲ್ಪ ತಡವೇ. ಬೀಡಿ ಬಿಡೋಕೆ ಇನ್ನೂ ತಡ.

ದಿನಕ್ಕೊಂದು ಕಟ್ಟು ಸೇದುತ್ತಿದ್ದವನು ಆಶ್ರಮಕ್ಕೆ ಬಂದ ದಿನವೇ ಬಿಟ್ಟಿದ್ದ. ಬುದ್ಧಿ ಬಿಡು ಅಂದಿರಲಿಲ್ಲ. ಎಂಟು ತಿಂಗಳಾಗಿತ್ತು. ಅದನ್ನ ಅವನು ಬಂದವರಿಗೆಲ್ಲ ಹೇಳುತ್ತಿದ್ದ, ಕೇಳದವರಿಗೂ.

ಒಂದು ಬೆಳಿಗ್ಗೆ ಬಂದು ಕೈಮುಗಿದ.

“ಬುದ್ಧಿ, ಜಗಲಿ ಮೇಲೆ ಬೀಡಿ ಸೇದೋದನ್ನ ನಿಲ್ಲಿಸಬೇಕು.”

“ಯಾಕಪ್ಪ?”

“ಸಂಜೆ ನಿಮ್ಮ ಮಾತು ಕೇಳೋಕೆ ಆಚೆ ದಡದಿಂದ ಶಿವಮ್ಮ ಬತ್ತಾರಲ್ಲ, ಉಬ್ಬಸ ಅವರಿಗೆ. ಹೊಗೆ ತಡೀಲಾರದೆ ಅರ್ಧಕ್ಕೇ ಎದ್ದು ಹೋಯ್ತಾರೆ.”

“ಸೇದೋರು ಏನಂತಾರೆ?”

“ನಮ್ಮ ಬೀಡಿ, ನಮ್ಮ ಬಾಯಿ, ನಿಂದೇನ್ಲಾ ಅಂತಾರೆ.”

“ಬಾಯಿ ಅವರದೇ. ಗಾಳಿ ಶಿವಮ್ಮಂದೂ ಹೌದು. ಹಾಕು ಒಂದು ಬೋರ್ಡು.”

ರಾಚಪ್ಪ ಹಲಗೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: ‘ಇಲ್ಲಿ ಬೀಡಿ ಸೇದಬಾರದು.’

ಜನ ಎರಡು ದಿನ ಗೊಣಗಿದರು. ಮೂರನೇ ದಿನ ಬೀಡಿ ಆರಿಸಿ ಜಗಲಿ ಹತ್ತಿದರು. ಶಿವಮ್ಮ ಮೊದಲ ಸಲ ಕೊನೇ ತನಕ ಕೂತರು. ನಡುವೆ ನಿದ್ದೆ ಹೋದರು ನಿಜ, ಅದನ್ನ ಬೀಡಿ ತಲೆಗೆ ಕಟ್ಟೋಕಾಗಲ್ಲ.

ರಾಚಪ್ಪನಿಗೆ ಬೋರ್ಡಿನ ರುಚಿ ಹತ್ತಿತು.

“ಬುದ್ಧಿ, ಹೊಳೆ ಮೆಟ್ಟಲಿಗೂ ಒಂದು ಹಾಕ್ಲಾ?”

“ಅಲ್ಲಿ ಯಾರು ಕೆಮ್ತಾರೆ?”

ರಾಚಪ್ಪ ಯೋಚಿಸಿದ. “ಯಾರೂ ಇಲ್ಲ, ಬುದ್ಧಿ. ಆದ್ರೂ.”

ಬುದ್ಧಿ ಎದ್ದು ಒಳಗೆ ಹೋದರು. ಬೇಡ ಅನ್ನಲಿಲ್ಲವಲ್ಲ, ರಾಚಪ್ಪನಿಗೆ ಅಷ್ಟು ಸಾಕಾಯ್ತು.

ಮೆಟ್ಟಲಿಗೊಂದು ಬೋರ್ಡು ಬಂತು. ಆಮೇಲೆ ಹುಣಸೆಮರಕ್ಕೆ, ಕೊಟ್ಟಿಗೆಗೆ, ಗೇಟಿನಾಚೆ ರಸ್ತೆಗೆ. ಆರನೇದು ಬಚ್ಚಲ ಹಿಂದೆ, ಬಣ್ಣ ಉಳಿದಿತ್ತು ಅಂತ.

ಏಳನೇದು ಅಂಬಿಗರ ಕಾಳಯ್ಯನ ತೆಪ್ಪಕ್ಕೆ. ಆಚೆ ದಡದ ಜನರನ್ನೆಲ್ಲ ದಾಟಿಸುತ್ತಿದ್ದವನು ಅವನೇ. ಬುಟ್ಟಿಯಂಥ ದುಂಡನೆ ತೆಪ್ಪ, ಬಿದಿರಿನ ಹೆಣಿಗೆ, ಹೊರಗಡೆ ಟಾರು ಬಳಿದ ತಾಡಪಾಲು. ಕಾಳಯ್ಯ ಆಶ್ರಮದಲ್ಲಿ ಊಟಕ್ಕೆ ಕೂತಿದ್ದಾಗ ರಾಚಪ್ಪ ಹೋಗಿ, ಬೋರ್ಡು ಬೀಳಬಾರದು ಅಂತ ಉದ್ದನೆ ಮೊಳೇನೇ ಹೊಡೆದ.

ಬೋರ್ಡು ಬೀಳಲಿಲ್ಲ. ನೀರು ಬಂತು.

ಕಾಳಯ್ಯ ಬೋರ್ಡು ಕಿತ್ತು ದಡಕ್ಕೆ ಎಸೆದ. ಅಂಗಾಲಲ್ಲಿ ತೂತು ಒತ್ತಿ ಹಿಡಿದು, ಹುಟ್ಟು ಹಾಕುತ್ತಾ ಆಚೆ ದಡಕ್ಕೆ ಹೋದ. ತಿರುಗಿ ನೋಡಲಿಲ್ಲ. ಮಾರನೇ ದಿನ ಬರಲೂ ಇಲ್ಲ.

ಸಂಜೆ ಜಗಲಿ ಬಣಗುಟ್ಟುತ್ತಿತ್ತು. ಬುದ್ಧಿ ಬಂದು ತಮ್ಮ ಜಾಗದಲ್ಲಿ ಕೂತರು.

“ಜಗಲಿ ಚೆನ್ನಾಗದೆ ರಾಚಪ್ಪ. ಹೊಗೆ ಇಲ್ಲ.”

“ಹೂಂ, ಬುದ್ಧಿ.”

“ಕೆಮ್ಮೂ ಇಲ್ಲ.”

“ಹೂಂ.”

“ಶಿವಮ್ಮನೂ ಇಲ್ಲ.”

ರಾಚಪ್ಪ ತಲೆ ತಗ್ಗಿಸಿದ.

ಮಾರನೇ ದಿನ ಸೇತುವೆ ಸುತ್ತಿಕೊಂಡು ನಾಲ್ಕು ಮೈಲಿ ನಡೆದು ಆಚೆ ದಡಕ್ಕೆ ಹೋದ. ಕಾಳಯ್ಯ ತೆಪ್ಪ ಬೋರಲು ಹಾಕಿ ತೂತಿಗೆ ತೇಪೆ ಹಚ್ಚುತ್ತಿದ್ದ. ಬಾಯಲ್ಲಿ ಬೀಡಿ.

“ತಪ್ಪಾಯ್ತು ಕಾಳಣ್ಣ. ಬಾ.”

“ಬಂದ್ರೆ ಈ ಸಲ ಮೊಳೆ ಎಲ್ಲಿಗೆ ಹೊಡೀತೀಯ? ನನ್ನ ತಲೆಗಾ?”

“ಇಲ್ಲ ಕಣಣ್ಣ.”

“ಜಗಲೀಲಿ ಸೇದಬ್ಯಾಡ ಅಂದೆ. ಸೇದಿದ್ನಾ?”

“ಇಲ್ಲ.”

“ಶಿವಮ್ಮ ಕೂತಿರುವಾಗ ತೆಪ್ಪದಲ್ಲಿ ಹಚ್ಚಿದ್ದು ನೋಡಿದ್ದೀಯಾ?”

“ಇಲ್ಲ.”

“ಆವಮ್ಮನ್ನ ಇಳಿಸಿ ಒಬ್ನೇ ವಾಪಸ್ ಬರುವಾಗ ಸೇದ್ತೀನಿ. ಹೊಳೆ ನಡುಮಧ್ಯೆ. ಅಲ್ಲಿ ನನ್ನ ಹೊಗೆ ಯಾರ ಮೂಗಿಗೆ ಹೋಗ್ತದಪ್ಪ?”

ರಾಚಪ್ಪನ ಕಣ್ಣು ಬೀಡಿ ತುದಿಯ ಕೆಂಡದ ಮೇಲಿತ್ತು. ಕಾಳಯ್ಯ ಅದನ್ನ ನೋಡಿದ. ಸ್ವಲ್ಪ ಹೊತ್ತು ನೋಡಿ, ಕಟ್ಟಿನಿಂದ ಇನ್ನೊಂದು ಬೀಡಿ ತೆಗೆದು ಕೈಗಿಟ್ಟ.

“ಓಹೋ, ಸಮಾಚಾರ ಇದಾ?”

ರಾಚಪ್ಪ ಬೇಡ ಅನ್ನೋಕೆ ಬಾಯಿ ತೆಗೆದ. ಅಷ್ಟರಲ್ಲಿ ಕೈ ಅದನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು.

ಮಧ್ಯಾಹ್ನ ತೆಪ್ಪ ಹೊಳೆ ದಾಟಿತು. ಶಿವಮ್ಮನೂ ಬಂದರು. ಅವರು ಜಗಲಿ ಮೇಲೆ ಕೂತಾಗ ರಾಚಪ್ಪ ಒಳಗೆ ಹೋಗಿ ಬುದ್ಧಿಯ ಮುಂದೆ ಬೀಡಿ ಇಟ್ಟ.

“ಎಂಟು ತಿಂಗಳು, ಬುದ್ಧಿ.”

“ಗೊತ್ತು. ಊರಿಗೆಲ್ಲ ಗೊತ್ತು.”

“ಎಲ್ಲಿ ವಾಸನೆ ಬಂದ್ರೂ ಕೈ ತಾನಾಗೇ ಸೊಂಟ ತಡಕ್ತದೆ. ಬೋರ್ಡು ಹಾಕಿದ್ದು ಅದಕ್ಕೇ.”

“ಏಳೂ?”

“ಮೊದಲನೇದು ಶಿವಮ್ಮಂಗೆ. ಮಿಕ್ಕಿದ್ದು ನನಗೆ.”

“ಹಂಗಾದ್ರೆ ಮೊದಲನೇದು ಇರಲಿ.”

ರಾಚಪ್ಪ ಹೋಗಿ ಮಿಕ್ಕ ಬೋರ್ಡುಗಳನ್ನೆಲ್ಲ ಕಿತ್ತು ತಂದು ಮೂಲೆಗೆ ಒರಗಿಸಿದ. ಬೀಡಿ ಇಟ್ಟಲ್ಲೇ ಇತ್ತು.

“ಬುದ್ಧಿ, ಸೇದಬ್ಯಾಡ ಅಂತ ಒಂದು ಅಪ್ಪಣೆ ಕೊಟ್ಬುಡಿ. ನಿಮ್ಮ ಬಾಯಲ್ಲಿ ಬಂದ್ರೆ ಸಾಕು, ಈ ಜನ್ಮದಲ್ಲಿ ಮುಟ್ಟಲ್ಲ.”

ಬುದ್ಧಿ ಎದ್ದು ಹೋಗಿ ದೀಪದ ಗೂಡಿನಿಂದ ಕಡ್ಡಿಪೆಟ್ಟಿಗೆ ತಂದರು. ಬೀಡಿ ಪಕ್ಕದಲ್ಲಿಟ್ಟರು.

“ಬುದ್ಧಿ?”

“ಹೊಳೆ ಮೆಟ್ಟಲಿಗೆ ಹೋಗು. ಅಲ್ಲೀಗ ಬೋರ್ಡಿಲ್ಲ.”

ರಾಚಪ್ಪ ಹೋಗಿ ಮೆಟ್ಟಲ ಮೇಲೆ ಕೂತ. ಬೀಡಿ ಬಾಯಿಗಿಟ್ಟು ಕಡ್ಡಿ ಗೀರಿದ. ಅಷ್ಟರಲ್ಲಿ ಗಾಳಿ ಜಗಲಿ ಕಡೆಗೇನಾದರೂ ಬೀಸುತ್ತಿದೆಯಾ ಅನ್ನೋ ಅನುಮಾನ ಬಂತು. ತಿರುಗಿ ನೋಡಿದ. ಶಿವಮ್ಮ ಗೋಡೆಗೊರಗಿ ಕಾಲು ಚಾಚಿದ್ದರು. ನೋಡುತ್ತಿದ್ದಂತೆ ಬೆರಳು ಸುಟ್ಟಿತು.

ಇನ್ನೂ ನಾಲ್ಕು ಮೆಟ್ಟಲು ಇಳಿದು ನೀರ ಹತ್ತಿರ ಕೂತ. ಎರಡನೇ ಕಡ್ಡಿ ಗೀರಿದ. ಹೊಳೆ ನಡುಮಧ್ಯೆ ಕಾಳಯ್ಯ ಒಬ್ಬನೇ, ಹಾಯಾಗಿ ಹೊಗೆ ಬಿಡುತ್ತಾ, ಇವನ ಕಡೆ ಕೈ ಬೀಸಿದ. ಇವನೂ ಬೀಸಿದ. ಕಡ್ಡಿ ಇದ್ದ ಕೈಯನ್ನೇ ಬೀಸಿದ್ದ. ಅದು ನೀರಿಗೆ ಬಿತ್ತು.

ಮೂರನೇದು ಚೆನ್ನಾಗಿ ಹತ್ತಿತು. ಗಾಳಿಯೂ ಇರಲಿಲ್ಲ, ಕಾಳಯ್ಯ ಆಚೆ ದಡ ಸೇರಿದ್ದ, ನೋಡೋರೂ ಇರಲಿಲ್ಲ. ಎಂಟು ತಿಂಗಳು ಅಂದರೆ ಒಟ್ಟು ಎಷ್ಟು ದಿನ ಅಂತ ರಾಚಪ್ಪ ಮನಸ್ಸಲ್ಲೇ ಕೂಡುತ್ತಾ ಹೋದ. ಅವನು ಲೆಕ್ಕದಲ್ಲಿ ನಿಧಾನ. ಕಡ್ಡಿ ಅಷ್ಟು ಹೊತ್ತು ಕಾಯಲಿಲ್ಲ.

ಹೊತ್ತು ಇಳಿಯಿತು. ಅಂಗೈ ಬೆವರಿಗೆ ಬೀಡಿ ಎಲೆ ಮೆತ್ತಗಾಗಿತ್ತು. ಹಿಂದುಗಡೆ ಹೆಜ್ಜೆ ಸಪ್ಪಳ. ಬುದ್ಧಿ ಬಂದು ಕೈ ಚಾಚಿದರು.

“ಬುದ್ಧಿ, ನಾನು...” ಅಂತ ರಾಚಪ್ಪ ಶುರು ಮಾಡಿದ.

“ದೀಪ ಹಚ್ಚೋ ಹೊತ್ತಾಯ್ತು, ಪೆಟ್ಟಿಗೆ ಕೊಡು,” ಅಂದರು ಬುದ್ಧಿ. “ಒಳಗೆ ಎಷ್ಟು ಕಡ್ಡಿ ಉಳಿದವೆ ಅಂತ ನಾನು ಎಣಿಸಲ್ಲ.”